ಐಸಿಯುವಿನಲ್ಲಿರುವವರನ್ನು ನೋಡಲು ಮಕ್ಕಳನ್ನು ಕರೆದೊಯ್ಯುವಾಗ: ಮನೆಯ ತಯಾರಿಯಿಂದ ಹಾಸಿಗೆಯ ಪಕ್ಕದವರೆಗೆ

"ಅತ್ತೆ, ಅಪ್ಪ ಸತ್ತುಹೋಗಿದ್ದಾರಾ? ನಂಗೆ ಮಾತ್ರ ಹೇಳ್ತಾ ಇಲ್ವಾ?"

ಅಣ್ಣ ಐಸಿಯು ಸೇರಿ ಐದನೇ ದಿನ ರಾತ್ರಿ, ಬ್ರಹ್ಮಾವರದ ಮನೆಯಲ್ಲಿ, ಗಂಜಿ ಬಟ್ಟಲಿನ ಮುಂದೆ ಕೂತು ಅವನ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗೆ ಆಗ ಎಂಟು ವರ್ಷ. "ಅಪ್ಪ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾರೆ" ಎಂದು ನಾವೆಲ್ಲ ಸೇರಿ ಹೇಳಿದ್ದೆವು. ಆದರೆ ಅಪ್ಪನ ಕನ್ನಡಕ ಟಿವಿಯ ಮೇಲಿತ್ತು, ಮೊಬೈಲ್ ಚಾರ್ಜರ್ ಗೋಡೆಯಲ್ಲೇ ಇತ್ತು, ಬೈಕು ಅಂಗಳದಲ್ಲಿ ಮಳೆಗೆ ನೆನೆಯುತ್ತಿತ್ತು. ಅತ್ತಿಗೆ ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದರು. ಮಗು ಎಲ್ಲವನ್ನೂ ಕೂಡಿಸಿ ಲೆಕ್ಕ ಮಾಡಿತ್ತು. ಉತ್ತರ ಮಾತ್ರ ತಪ್ಪಾಗಿತ್ತು.

ಅದು ಜುಲೈ ತಿಂಗಳು. ಕಾಲ್ಬೆರಳ ಸಂದಿಯಲ್ಲಿ ಗಾಯ ಇಟ್ಟುಕೊಂಡೇ ಅಣ್ಣ ನಾಟಿಗೆ ಗದ್ದೆಗೆ ಇಳಿದಿದ್ದ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಅನ್ನು ನಮ್ಮ ಕಡೆ ಇಲಿ ಜ್ವರ ಎನ್ನುತ್ತೇವೆ. ಹೆಚ್ಚಿನವರಿಗೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕೆಲವರಲ್ಲಿ ಕಿಡ್ನಿ, ಲಿವರ್, ಶ್ವಾಸಕೋಶ ಮೂರನ್ನೂ ಹಿಡಿಯುತ್ತದೆ. ಅಣ್ಣನಿಗೆ ವೆಂಟಿಲೇಟರ್, ಡಯಾಲಿಸಿಸ್ ಎರಡೂ ಬೇಕಾಯಿತು.

ನಾನು ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಹನ್ನೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. "ಮಕ್ಕಳಿಗೆ ಪ್ರವೇಶವಿಲ್ಲ" ಎಂಬ ಬೋರ್ಡಿನ ಒಳಬದಿಯಲ್ಲಿ ನಿಂತು ಎಷ್ಟು ಮಕ್ಕಳನ್ನು ಹಿಂದೆ ಕಳಿಸಿದ್ದೇನೋ ಲೆಕ್ಕವಿಲ್ಲ. ಬೇರೊಂದು ಆಸ್ಪತ್ರೆಯಲ್ಲಿ ಅಂಥದ್ದೇ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುವ ಸರದಿ ಬಂದಾಗ ಗೊತ್ತಾಯಿತು: ಒಳಗಿನ ನಳಿಗೆಗಳಿಗಿಂತ ಹೊರಗೆ ನಾವು ಹೇಳುವ ಸುಳ್ಳೇ ಮಗುವನ್ನು ಹೆಚ್ಚು ಹೆದರಿಸುತ್ತದೆ. ಮುಂದಿನ ಹಂತಗಳು ಆ ಎರಡೂ ಬದಿಯಲ್ಲಿ ನಿಂತು ಕಲಿತದ್ದು.

ಹಂತ 1: ಹೇಳಿದ ಸುಳ್ಳನ್ನು ಮೊದಲು ವಾಪಸ್ ತೆಗೆದುಕೊಳ್ಳಿ

ಆಸ್ಪತ್ರೆಗೆ ಹೊರಡುವ ಮೊದಲು ಮನೆಯಲ್ಲಿ ಇದು ಆಗಬೇಕು. "ಅಪ್ಪ ಬೆಂಗಳೂರಿಗೆ ಹೋಗಿದ್ದಾರೆ ಅಂತ ಹೇಳಿದ್ದು ಸುಳ್ಳು. ನೀನು ಹೆದರ್ತೀಯ ಅಂತ ಹಾಗೆ ಹೇಳಿದೆವು. ತಪ್ಪಾಯ್ತು." ಇಷ್ಟು ಸಾಕು. ಮಕ್ಕಳ ಎದುರು ತಪ್ಪೊಪ್ಪಿಕೊಂಡರೆ ದೊಡ್ಡವರ ಮರ್ಯಾದೆ ಹೋಗುವುದಿಲ್ಲ. ನಾಳೆ ನೀವು ಹೇಳುವುದನ್ನು ಮಗು ನಂಬಬೇಕಾದರೆ ಇವತ್ತು ಇದನ್ನು ಹೇಳಲೇಬೇಕು.

ಆಮೇಲೆ ಕಾಯಿಲೆಯ ಹೆಸರು ಹೇಳಿ. "ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಮುಂದೆ ತನಗೆ ಶೀತ ಆದಾಗಲೂ ಮಗು ನಡುಗುತ್ತದೆ. ಇಲಿ ಜ್ವರ, ಡೆಂಗ್ಯೂ, ಹಾರ್ಟ್ ಅಟ್ಯಾಕ್, ತಲೆಗೆ ಪೆಟ್ಟು, ಯಾವುದೋ ಅದೇ ಹೆಸರು. ಎಲ್ಲಿದ್ದಾರೆ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನೂ ಸೇರಿಸಿ. ಕೊನೆಯ ಒಂದು ವಾಕ್ಯವನ್ನು ಮಾತ್ರ ಮಗು ಕೇಳದಿದ್ದರೂ ನೀವಾಗಿಯೇ ಹೇಳಬೇಕು: "ಇದು ನಿನ್ನಿಂದ ಆದದ್ದಲ್ಲ."

ಇದೇಕೆ ಎಂದು ನಿಮಗೆ ಅನಿಸಬಹುದು. ಮೂರರಿಂದ ಏಳು ವರ್ಷದವರೆಗಿನ ಮಕ್ಕಳು ತಾವು ಮನಸ್ಸಿನಲ್ಲಿ ಅಂದುಕೊಂಡದ್ದು ಹೊರಗೆ ನಡೆದುಬಿಡುತ್ತದೆ ಎಂದು ನಂಬುವ ವಯಸ್ಸಿನವರು. ದೊಡ್ಡ ಮಕ್ಕಳಲ್ಲೂ ಅದರ ಚೂರು ಉಳಿದಿರುತ್ತದೆ. ಅಣ್ಣನಿಗೆ ಜ್ವರ ಬರುವ ಎರಡು ದಿನ ಮೊದಲು ಮೊಬೈಲ್ ಕಸಿದುಕೊಂಡನೆಂದು ಇವಳು "ನೀವು ಹೋಗಿ, ನಂಗೆ ಬೇಡ ನೀವು" ಎಂದು ಕಿರುಚಿದ್ದಳಂತೆ. ಅದನ್ನು ಐದು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ನಾನು ಆ ವಾಕ್ಯ ಹೇಳಿದ ಮೇಲೆಯೇ ಅದು ಹೊರಗೆ ಬಂತು.

ಎರಡು ಮಾತು ಬೇಡ. "ಮಲಗಿದ್ದಾರೆ, ಏಳ್ತಾ ಇಲ್ಲ" ಎಂದರೆ ಮಗು ಆ ರಾತ್ರಿಯಿಂದ ಮಲಗಲು ಹೆದರುತ್ತದೆ. "ಔಷಧಿ ಕೊಟ್ಟು ಡಾಕ್ಟ್ರು ನಿದ್ದೆಯ ಹಾಗೆ ಮಾಡಿಸಿದ್ದಾರೆ, ನಾವು ರಾತ್ರಿ ಮಲಗುವ ನಿದ್ದೆ ಬೇರೆ" ಎಂದು ಬಿಡಿಸಿ ಹೇಳಿ. "ಖಂಡಿತ ಗುಣ ಆಗ್ತದೆ" ಎಂಬ ಮಾತೂ ಬೇಡ, ಅದು ನಿಮ್ಮ ಕೈಯಲ್ಲಿಲ್ಲ. "ಅಪ್ಪ ಸಾಯ್ತಾರಾ?" ಎಂದು ಕೇಳಿದರೆ: "ಕಾಯಿಲೆ ತುಂಬಾ ಜೋರು ಉಂಟು. ಸಾಯದ ಹಾಗೆ ಮಾಡಲು ಡಾಕ್ಟ್ರು ಪ್ರಯತ್ನ ಮಾಡ್ತಿದ್ದಾರೆ. ಏನಾದರೂ ಬದಲಾದರೆ ನಿನಗೆ ಹೇಳ್ತೇವೆ." ಹೇಳಿದ ಮೇಲೆ ಹೇಳಲೇಬೇಕು.

ಹಂತ 2: ಹೋಗುವುದೋ ಬೇಡವೋ

ಮಗುವನ್ನೇ ಕೇಳಿ. ನಾಲ್ಕು ವರ್ಷದ ಮೇಲಿನ ಯಾವ ಮಗುವೂ ಇದಕ್ಕೆ ಉತ್ತರ ಕೊಡಬಲ್ಲದು. ಆದರೆ ಒಳಗೆ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಕೊಟ್ಟ ಉತ್ತರಕ್ಕೆ ಬೆಲೆಯಿಲ್ಲ, ಹಾಗಾಗಿ ನಾಲ್ಕನೇ ಹಂತ ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಬಾಗಿಲವರೆಗೆ ಬಂದು ಬೇಡ ಎಂದರೂ ಸರಿ. ಇಷ್ಟು ದೂರ ಬಂದಾಯಿತಲ್ಲ ಎಂದು ಒತ್ತಾಯಿಸಬೇಡಿ. ಬೇಡ ಎಂದ ಮಗು ಕಲ್ಲು ಮನಸ್ಸಿನದ್ದು ಎಂದು ದೊಡ್ಡಮ್ಮನೋ ಚಿಕ್ಕಪ್ಪನೋ ಆಡಿಕೊಂಡರೆ ಅಲ್ಲೇ ತಡೆಯಿರಿ.

ಹಿರಿಯರ ತಕರಾರು ಬಂದೇ ಬರುತ್ತದೆ. "ಮಕ್ಕಳಿಗೆ ಹೆದರಿಕೆ ತಾಗ್ತದೆ, ಆಮೇಲೆ ನೂಲು ಕಟ್ಟಿಸ್ಬೇಕು" ಎಂದು ನಮ್ಮ ಅಮ್ಮ ಹಟ ಹಿಡಿದರು. ನಾನು ವಾದಕ್ಕೆ ಹೋಗಲಿಲ್ಲ. ನೂಲು ಹೊರಡುವ ಮೊದಲೇ ಕಟ್ಟಿ ಅಮ್ಮ ಎಂದೆ. ಕಟ್ಟಿದರು. ಅಜ್ಜಿ ಕಟ್ಟಿದ ನೂಲು ಕೈಯಲ್ಲಿದೆ ಎಂಬ ಧೈರ್ಯವೂ ಮಗುವಿಗೆ ಸಿಕ್ಕಿತು. (ನೂಲನ್ನು ಮೊಣಕೈಯಿಂದ ಮೇಲೆ, ತೋಳಿಗೆ ಕಟ್ಟಿಸಿ. ಮಣಿಕಟ್ಟಿನಲ್ಲಿದ್ದರೆ ಕೈ ಸರಿಯಾಗಿ ತೊಳೆಯಲಾಗುವುದಿಲ್ಲ.)

ಕರೆದೊಯ್ಯಲೇಬಾರದ ಸಂದರ್ಭಗಳೂ ಇವೆ. ಮಗುವಿಗೆ ಜ್ವರ, ಶೀತ, ಕೆಮ್ಮು, ಭೇದಿ, ಕಣ್ಣು ಬೇನೆ ಇದ್ದರೆ ಬೇಡ. ಶಾಲೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದಿದ್ದರೆ ಅದನ್ನು ಸಿಸ್ಟರಿಗೆ ಮುಚ್ಚಿಡದೆ ಹೇಳಿ. ತಾಗಿದ 10ರಿಂದ 21 ದಿನದೊಳಗೆ ಅದು ಏಳಬಹುದು, ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ. ಅಂಗಾಂಗ ಕಸಿ ಆದವರು, ರಕ್ತದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು, ಸುಟ್ಟ ಗಾಯದವರು ಇರುವ ಘಟಕಗಳಲ್ಲಿ ನಿಯಮ ಬಿಗಿಯಾಗಿರುತ್ತದೆ, ಇರಲೇಬೇಕು. ರೋಗಿಗೆ ಭ್ರಮೆ ಹಿಡಿದು ಕೂಗಾಡುತ್ತಿದ್ದರೆ ಒಂದೆರಡು ದಿನ ಕಾಯಿರಿ. ಐಸಿಯುವಿನಲ್ಲಿ ಅದು ಸಾಮಾನ್ಯ. ಮಗನನ್ನೇ ಗುರುತು ಹಿಡಿಯದೆ ಬೈದವರನ್ನು ನೋಡಿದ್ದೇನೆ, ವಾರದ ಮೇಲೆ ಅವರಿಗೆ ಅದರ ನೆನಪೇ ಇರಲಿಲ್ಲ.

ಹಂತ 3: ಆಸ್ಪತ್ರೆಯವರನ್ನು ಕೇಳುವುದು

ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರನ್ನು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. ಅವರ ಕೆಲಸವೇ ಅದು, ಅವರೊಡನೆ ಜಗಳ ಮಾಡಿ ಉಪಯೋಗವಿಲ್ಲ. ಕೇಳಬೇಕಾದವರು ಇಬ್ಬರು: ಐಸಿಯುವಿನ ಇನ್‌ಚಾರ್ಜ್ ಸಿಸ್ಟರ್ ಮತ್ತು ದಿನಕ್ಕೊಮ್ಮೆ ಮನೆಯವರನ್ನು ಕರೆದು ಸ್ಥಿತಿ ಹೇಳುವ ಡಾಕ್ಟರ್. ಆ ಡಾಕ್ಟರ್ ಮಾತು ಮುಗಿಸಿ ಎದ್ದು ನಿಲ್ಲುವ ಹೊತ್ತಿಗೆ ಎಲ್ಲರೂ ಬಿಲ್ಲಿನ ಬಗ್ಗೆ ಕೇಳುತ್ತಾರೆ. ನೀವು ಇದನ್ನು ಕೇಳಿ.

ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. "ಮಕ್ಕಳನ್ನು ಬಿಡ್ತೀರಾ?" ಎಂದರೆ ಇಲ್ಲ. "ಇವರ ಮಗಳಿಗೆ ಎಂಟು ವರ್ಷ. ಶೀತ ಜ್ವರ ಏನೂ ಇಲ್ಲ. ನಳಿಗೆ, ಮಿಷನ್ ಎಲ್ಲ ಹೇಳಿಕೊಟ್ಟು ತಯಾರು ಮಾಡಿದ್ದೇವೆ. ಜೊತೆಗೆ ನಾನಿರ್ತೇನೆ. ಒಮ್ಮೆ, ಹತ್ತು ನಿಮಿಷ. ನಿಮಗೆ ಯಾವ ಹೊತ್ತು ಅನುಕೂಲ?" ಹೀಗೆ ಕೇಳಿದಾಗ ನಾನೇ ಇನ್‌ಚಾರ್ಜ್ ಆಗಿದ್ದರೂ ಡಾಕ್ಟರನ್ನು ಕೇಳಿ ನೋಡುತ್ತಿದ್ದೆ. ಇಲ್ಲ ಎಂದರೆ ಕಾರಣ ಕೇಳಿ. ಪಕ್ಕದ ಹಾಸಿಗೆಯಲ್ಲಿ ಹರಡುವ ಸೋಂಕಿನವರಿದ್ದಾರೆ ಎಂದರೆ ಒಪ್ಪಿಕೊಳ್ಳಿ. ಬರೀ ರೂಲ್ಸ್ ಎಂದರೆ ಮರುದಿನ ಮೇಲಿನ ಡಾಕ್ಟರಲ್ಲಿ ಇನ್ನೊಮ್ಮೆ ಕೇಳಿ. ಹೊರಗಿನ ವೈದ್ಯಲೋಕವೂ ಸಡಿಲವಾಗುತ್ತಿದೆ. ಮನೆಯವರು ರೋಗಿಯ ಬಳಿ ಇರಲು ಹೊತ್ತಿನ ಕಟ್ಟುಪಾಡು ಸಡಿಲಿಸಬೇಕೆಂದು ಅಮೆರಿಕದ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಇದನ್ನು ಕೌಂಟರಿನಲ್ಲಿ ನಿಂತು ಹೇಳಿ ಗೆಲ್ಲಲು ಹೋಗಬೇಡಿ ಮಾತ್ರ.

ಹೊತ್ತಿನ ವಿಷಯ. ಬೆಳಿಗ್ಗೆ ರೌಂಡ್ಸ್ ನಡೆಯುವಾಗ ಬೇಡ. ಶಿಫ್ಟ್ ಬದಲಾಗುವ ಹೊತ್ತು ಬೇಡ, ಆಗ ಒಬ್ಬ ಸಿಸ್ಟರ್ ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸುತ್ತಿರುತ್ತಾರೆ. ಡಯಾಲಿಸಿಸ್ ನಡೆಯುವಾಗ ಬೇಡ, ನಳಿಗೆಯಲ್ಲಿ ರಕ್ತ ಓಡುವುದು ಕಣ್ಣಿಗೆ ಕಾಣುತ್ತದೆ. ನಮಗೆ ಸಂಜೆ ಐದೂವರೆ ಸಿಕ್ಕಿತು.

ಹಂತ 4: ಹಿಂದಿನ ಸಂಜೆ, ಮನೆಯಲ್ಲಿ

ಕೆಲಸದ ಮುಕ್ಕಾಲು ಪಾಲು ಇಲ್ಲೇ. ಇದನ್ನು ಚೆನ್ನಾಗಿ ಮಾಡಿದರೆ ಮರುದಿನ ನಿಮಗೆ ಹೆಚ್ಚು ಕೆಲಸವಿಲ್ಲ.

ನಾನು ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಒಂದು ಮಂಚ, ಒಬ್ಬ ಮನುಷ್ಯನ ಚಿತ್ರ ಬರೆದೆ. ಚಿತ್ರ ಕೆಟ್ಟದಾಗಿತ್ತು, ಅವಳೇ ತಿದ್ದಿದಳು. ಒಂದೊಂದೇ ನಳಿಗೆ ಎಳೆಯುತ್ತಾ ಹೋದೆವು.

ಬಾಯಿಯ ನಳಿಗೆ. ಇದನ್ನು ಮೊದಲು ಹೇಳಬೇಕು, ಮಕ್ಕಳ ಕಣ್ಣು ಮೊದಲು ಹೋಗುವುದು ಮುಖಕ್ಕೆ. ಬಾಯಿಯಿಂದ ಗಂಟಲಿನೊಳಗೆ, ಸ್ವರ ಹುಟ್ಟುವ ಜಾಗದ ನಡುವೆ ಹಾದು ಶ್ವಾಸನಾಳಕ್ಕೆ ಹೋಗುತ್ತದೆ. ಅದಕ್ಕೇ ಅಪ್ಪನಿಗೆ ಎಚ್ಚರವಿದ್ದರೂ ಮಾತಾಡಲಾಗುವುದಿಲ್ಲ. ಸಿಟ್ಟು ಬಂದದ್ದಲ್ಲ. ಅದರ ಇನ್ನೊಂದು ತುದಿ ವೆಂಟಿಲೇಟರಿಗೆ.

ವೆಂಟಿಲೇಟರ್ ಬಗ್ಗೆ ಹೇಳುವಾಗ ನಾನೊಂದು ನಿಜವಾದ ಕಥೆ ಹೇಳುತ್ತೇನೆ. 1952ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ, 12 ವರ್ಷದ ಒಬ್ಬ ಹುಡುಗಿಗೆ ಉಸಿರಾಡಲು ಆಗದೆ ಹೋಯಿತು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ಡಾಕ್ಟರು ಅವಳ ಕುತ್ತಿಗೆಯಲ್ಲಿ ಸಣ್ಣ ತೂತು ಮಾಡಿಸಿ ನಳಿಗೆ ಇಡಿಸಿ, ರಬ್ಬರ್ ಚೀಲವನ್ನು ಕೈಯಲ್ಲಿ ಹಿಸುಕಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಅಂಥ ರೋಗಿಗಳು ಹೆಚ್ಚಾದಾಗ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲು ರಾತ್ರಿ ಚೀಲ ಹಿಸುಕಿದರು. ಮರುವರ್ಷ ಇಬ್ಸೆನ್ ಶುರು ಮಾಡಿದ ಘಟಕವೇ ಇವತ್ತಿನ ಐಸಿಯುಗಳ ಅಜ್ಜ. ಕಥೆ ಕೇಳಿ ಇವಳ ಮೊದಲ ಪ್ರಶ್ನೆ: "ಅಷ್ಟು ಹೊತ್ತು ಹಿಸುಕಿದ್ರೆ ಕೈ ನೋಯ್ಲಿಲ್ವಾ ಅವ್ರಿಗೆ?" ನೋಯುತ್ತದೆ, ಅದಕ್ಕೇ ಈಗ ಮಿಷನ್ ಎಂದೆ. ಅಲ್ಲಿಗೆ ವೆಂಟಿಲೇಟರಿನ ಭಯ ಮುಗಿಯಿತು.

ಬೆರಳಿನ ಕ್ಲಿಪ್. ಕೋಣೆಯ ಲೈಟ್ ಆರಿಸಿ, ಮೊಬೈಲಿನ ಟಾರ್ಚ್ ಹೊತ್ತಿಸಿ, ಮಗುವಿನ ಬೆರಳನ್ನು ಅದರ ಮೇಲೆ ಇಡಿಸಿ. ಬೆರಳು ಕೆಂಪಾಗಿ ಬೆಳಗುತ್ತದೆ. "ಬೆಳಕು ಬೆರಳೊಳಗಿನ ರಕ್ತವನ್ನು ಹಾದು ಬರ್ತದೆ. ಆ ಕ್ಲಿಪ್ ಹಾಗೆ ಹಾದು ಬಂದ ಬೆಳಕನ್ನು ನೋಡಿ ರಕ್ತದಲ್ಲಿ ಆಕ್ಸಿಜನ್ ಎಷ್ಟುಂಟು ಅಂತ ಹೇಳ್ತದೆ." ಅವಳು ಮನೆಯ ಐದೂ ಜನರ ಬೆರಳು ಪರೀಕ್ಷೆ ಮಾಡಿದಳು, ಅಜ್ಜಿಯ ಬೆರಳಿನ ಸಮೇತ.

ಮೂಗಿನ ನಳಿಗೆ ಹೊಟ್ಟೆಗೆ ಗಂಜಿಯಂಥ ಆಹಾರ ಕಳಿಸಲು. ಕುತ್ತಿಗೆಯ ಪಕ್ಕದ ನಳಿಗೆ ಔಷಧಿಗೆ. ಮಂಚದ ಕೆಳಗೆ ತೂಗುವ ಚೀಲ ಮೂತ್ರದ್ದು. ಇದನ್ನು ಹೇಳಿದಾಗ ಮಕ್ಕಳು ನಗುತ್ತಾರೆ, ನಗಲಿ.

ಕಟ್ಟಿದ ಕೈ. ಇದನ್ನು ಹೇಳದೆ ಕರೆದೊಯ್ಯಬೇಡಿ. ಅರೆ ಮಂಪರಿನಲ್ಲಿರುವ ರೋಗಿ ನಳಿಗೆ ಎಳೆದುಕೊಳ್ಳಬಾರದೆಂದು ಮೆತ್ತನೆ ಪಟ್ಟಿಯಲ್ಲಿ ಕೈಯನ್ನು ಮಂಚಕ್ಕೆ ಕಟ್ಟಿರುವುದುಂಟು. ಹೇಳದಿದ್ದರೆ ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ನನ್ನ ಕೆಲಸದ ದಿನಗಳಲ್ಲಿ ಕಾಲೇಜು ಹುಡುಗನೊಬ್ಬ ಅದನ್ನು ನೋಡಿ, ಅಮ್ಮನಿಗೆ ಹೊಡೆದಿದ್ದಾರೆ ಎಂದು ಗಲಾಟೆ ಮಾಡಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ.

ಮೈಯ ಬದಲಾವಣೆ. ಮುಖ, ಕೈ ಊದಿರಬಹುದು. ಅಣ್ಣನ ಕಣ್ಣು ಅರಶಿನದ ಹಾಗೆ ಹಳದಿಯಾಗಿತ್ತು, ಮೀಸೆ ಬೋಳಿಸಿದ್ದರು. ಹಳದಿ ಕಣ್ಣಿಗಿಂತ ಮೀಸೆ ಇಲ್ಲದ್ದೇ ಅವಳಿಗೆ ದೊಡ್ಡ ಸುದ್ದಿ.

ಫೋಟೊ ತೋರಿಸಬಹುದೇ? ತೋರಿಸಬಹುದು, ಡಾಕ್ಟರ ಅನುಮತಿ ಪಡೆದು ತೆಗೆದದ್ದಾದರೆ. ಮೊದಲು ಕೋಣೆಯದ್ದು, ಆಮೇಲೆ ದೂರದಿಂದ ಮಂಚದ್ದು, ಕೊನೆಗೆ ಮುಖದ್ದು. ಪಕ್ಕದ ರೋಗಿ ಅದರಲ್ಲಿ ಬರಬಾರದು. ಮಗುವಿಗೆ ತೋರಿಸಿ ಅಳಿಸಿಬಿಡಿ. ಅದನ್ನು ಫ್ಯಾಮಿಲಿ ಗ್ರೂಪಿಗೋ ಸ್ಟೇಟಸ್ಸಿಗೋ ಹಾಕುವವರ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ.

ಹದಿಹರೆಯದವರಿಗೆ ಚಿತ್ರ ಗಿತ್ರ ಬೇಡ. ಡಾಕ್ಟರ್ ಮಾತಾಡುವಾಗ ಅವರನ್ನೂ ಜೊತೆಯಲ್ಲಿ ಕೂರಿಸಿ. ಅವರು ಹೇಗೂ ಮೊಬೈಲಿನಲ್ಲಿ ಹುಡುಕಿ ಅರ್ಧಂಬರ್ಧ ಓದಿ ಕೂತಿರುತ್ತಾರೆ. "ನೀನೀಗ ಮನೆಗೆ ದೊಡ್ಡವ, ಅಳಬಾರದು" ಎಂದು ಹದಿನಾಲ್ಕರ ಹುಡುಗನ ಹೆಗಲ ಮೇಲೆ ಮನೆ ಹೊರಿಸಬೇಡಿ. ಮೂರರ ಕೆಳಗಿನವರಿಗೆ ವಿವರ ಹತ್ತುವುದಿಲ್ಲ. ಅವರಿಗೆ ಅಮ್ಮನ ಮಡಿಲು, ಹೊತ್ತಿಗೆ ಊಟ ನಿದ್ದೆ ಮುಖ್ಯ.

ಹಂತ 5: ಹೊರಡುವ ದಿನ

ಹೊಟ್ಟೆ ತುಂಬಾ ತಿನ್ನಿಸಿ ಕರೆದೊಯ್ಯಿರಿ. ಹಸಿದ ಮಗು ಐಸಿಯುವಿನ ವಾಸನೆಗೇ ತಲೆ ತಿರುಗಿ ಬೀಳುತ್ತದೆ. ಮಣಿಪಾಲಕ್ಕೆ ಶಿವಮೊಗ್ಗ, ತೀರ್ಥಹಳ್ಳಿ ಕಡೆಯಿಂದ ಬರುವವರು ಆಗುಂಬೆ ಘಾಟಿಯ 14 ತಿರುವು ಇಳಿದು ವಾಂತಿ ಮಾಡಿಕೊಂಡ ಮಗುವನ್ನು ನೇರವಾಗಿ ಒಳಗೆ ಕರೆದೊಯ್ಯಬೇಡಿ; ಮುಖ ತೊಳೆಸಿ, ಒಂದು ಗಂಟೆ ಕೂರಿಸಿ. ಸುಳ್ಯ, ಕಾರವಾರದಿಂದ ಬರುವವರಿಗೂ ಇದೇ ಮಾತು.

ಒಳಗೆ ಎಸಿ ಜೋರು. ಕರಾವಳಿಯ ಮನೆಗಳಲ್ಲಿ ಸ್ವೆಟರ್ ಎಲ್ಲಿಂದ ಬರಬೇಕು, ದಪ್ಪನೆಯ ಅಂಗಿಯಾದರೂ ಹಾಕಿ. ಚಪ್ಪಲಿ ಹೊರಗೆ ಬಿಡಿಸುವ ಕಡೆ ನೆಲ ಕೊರೆಯುತ್ತದೆ, ಸಾಕ್ಸ್ ಇರಲಿ. ಬಳೆ, ವಾಚ್ ಬಿಚ್ಚಿಸಿ. ಟಾಯ್ಲೆಟ್ಟಿಗೆ ಹೋಗಿ ಬರಲಿ.

ದೊಡ್ಡವರು ಇಬ್ಬರು ಬೇಕು. ಒಬ್ಬರು ರೋಗಿಯ ಕಡೆಗೆ, ಇನ್ನೊಬ್ಬರು ಮಗುವಿಗಷ್ಟೇ. ಎರಡನೆಯವರು ಯಾವ ಗಳಿಗೆಯಲ್ಲೂ ಮಗುವನ್ನು ಹೊರಗೆ ಕರೆತರಲು ತಯಾರಿರಬೇಕು, ಅದಕ್ಕೆ ಅಳುವವರು ಆಗುವುದಿಲ್ಲ. ಅತ್ತಿಗೆಯೇ "ನನ್ನಿಂದ ಆಗ್ಲಿಕ್ಕಿಲ್ಲ, ನೀನೇ ಹಿಡ್ಕೊ" ಎಂದರು. ಒಳಗೆ ಒಬ್ಬರನ್ನೇ ಬಿಡುವ ಕಡೆ ಮಗುವಿನ ಜೊತೆ ಇನ್ನೊಬ್ಬರಿಗೂ ಮೊದಲೇ ಅನುಮತಿ ಕೇಳಿಟ್ಟುಕೊಳ್ಳಿ. ಒಂದು ಗುರುತೂ ಇರಲಿ. ನಮ್ಮದು: ನನ್ನ ಕೈಯನ್ನು ಎರಡು ಸಲ ಒತ್ತಿದರೆ, ಮಾತಿಲ್ಲದೆ ಹೊರಗೆ.

ಹಂತ 6: ಒಳಗೆ ಹತ್ತು ನಿಮಿಷ

ಮೊದಲು ನೀವೊಬ್ಬರೇ ಹೋಗಿ ನೋಡಿ. ನಿನ್ನೆ ಇಲ್ಲದ ನಳಿಗೆ ಇವತ್ತು ಇದೆಯೇ, ಬಟ್ಟೆಯಲ್ಲಿ ರಕ್ತದ ಕಲೆ ಇದೆಯೇ, ಹೊದಿಕೆ ಸರಿ ಇದೆಯೇ. ಸಿಸ್ಟರಿಗೆ ಹೇಳಿದರೆ ಒಂದು ಸಲ ಕಫ ಎಳೆದು, ಮುಖ ಒರೆಸಿ ಇಡುತ್ತಾರೆ. ಹೊರಗೆ ಬಂದು ಹೊಸದೇನಿದೆ ಎಂದು ಮಗುವಿಗೆ ಹೇಳಿ.

ಕೈ ತೊಳೆಯುವುದು ಸೋಪಿನಲ್ಲಾದರೆ 40ರಿಂದ 60 ಸೆಕೆಂಡು, ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡು. ಹೆಬ್ಬೆರಳು, ಉಗುರಿನ ತುದಿ ಬಿಟ್ಟುಹೋಗುತ್ತದೆ, ನೋಡಿ. ಹನ್ನೊಂದು ವರ್ಷದಲ್ಲಿ ನಾನು ಕಂಡದ್ದು: ಹೇಳಿಕೊಟ್ಟರೆ ಮಕ್ಕಳೇ ಸರಿಯಾಗಿ ತೊಳೆಯುತ್ತಾರೆ, ಒಂದು ಹನಿ ಉಜ್ಜಿ ಒಳಗೆ ನುಗ್ಗುವವರು ಚಿಕ್ಕಪ್ಪಂದಿರು.

ಮಂಚದ ಹತ್ತಿರ ಓಡಿಸಬೇಡಿ. ಕಾಲಿನ ಬದಿಯಲ್ಲಿ, ನಾಲ್ಕು ಹೆಜ್ಜೆ ದೂರ ನಿಲ್ಲಿಸಿ. ಮಗು ನೋಡಲಿ. ಇವಳು ಮೊದಲ ಒಂದು ನಿಮಿಷ ಅಪ್ಪನನ್ನು ನೋಡಲೇ ಇಲ್ಲ, ಮಾನಿಟರನ್ನೇ ನೋಡಿದಳು. ಹೆದರಿದ ಮಕ್ಕಳು ಹಾಗೆಯೇ, ಬದಿಯಿಂದ ಒಳಗೆ ಬರುತ್ತಾರೆ. ಆಮೇಲೆ ಪಿಸುಗುಟ್ಟಿದಳು:

"ಅತ್ತೆ, ಅಪ್ಪನಿಗೆ 94 ಬಂದಿದೆ. 100 ಯಾಕೆ ಬರ್ಲಿಲ್ಲ?"

ಅದು ಮಾರ್ಕ್ ಅಲ್ಲ ಎಂದು ಹೇಳಬೇಕಾಯಿತು. ಆ ಅಂಕೆಗಳು ಕ್ಷಣಕ್ಷಣಕ್ಕೂ ಏರಿಳಿಯುತ್ತವೆ. ಡಾಕ್ಟರು, ಸಿಸ್ಟರ್ ಮಾತ್ರ ಅದನ್ನು ನೋಡಬೇಕು, ನಾವು ಅಪ್ಪನನ್ನು ನೋಡುವ ಎಂದೆ. ಅಲಾರಂ ಹೊಡೆದರೆ ಏನೆಂದು ಮೊದಲೇ ಹೇಳಿಟ್ಟಿರಬೇಕು: ಬೆರಳಿನ ಕ್ಲಿಪ್ ಜಾರಿದರೂ, ರೋಗಿ ಕೆಮ್ಮಿದರೂ, ಔಷಧಿಯ ಸಿರಿಂಜ್ ಮುಗಿಯುತ್ತಾ ಬಂದರೂ ಅದು ಹೊಡೆಯುತ್ತದೆ. ಅಲಾರಂ ಆದಾಗ ಮಗು ನೋಡುವುದು ನಿಮ್ಮ ಮುಖವನ್ನು. ನೀವು ಸಿಸ್ಟರಿನ ಮುಖ ನೋಡಿ. ಅವರು ಓಡದಿದ್ದರೆ ನೀವೂ ಗಾಬರಿಯಾಗಬೇಡಿ.

ಮುಟ್ಟಬಹುದು. ಎಲ್ಲಿ ಎಂದು ಸಿಸ್ಟರನ್ನು ಕೇಳಿ ತೋರಿಸಿಕೊಡಿ. ನಳಿಗೆ ಇಲ್ಲದ ಕಡೆಯ ತೋಳು, ಪಾದ. ಮುಟ್ಟಲು ಒತ್ತಾಯ ಬೇಡ. ಮುತ್ತು ಬೇಡ.

ಮಾತಾಡಬಹುದು, ಆಡಬೇಕು. ಮಂಪರಿನ ಔಷಧಿಯಲ್ಲಿದ್ದರೂ ಕೆಲವರಿಗೆ ಕೇಳಿಸುತ್ತಿರುತ್ತದೆ. ಗುಣವಾದ ಮೇಲೆ ಯಾರು ಬಂದು ಏನು ಹೇಳಿದರು ಎಂದು ನೆನಪಿಟ್ಟು ಹೇಳಿದವರಿದ್ದಾರೆ. ಮನೆಯ ಮಾತಿನಲ್ಲೇ ಆಡಲಿ, ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಗನ್ನಡವೋ. ಡಾಕ್ಟರ ಎದುರು ಮಗು ತುಳುವಿನಲ್ಲಿ ಮಾತಾಡಿತೆಂದು ನಾಚಿ, ಕನ್ನಡದಲ್ಲಿ ಹೇಳು ಎಂದು ಗದರಿದ ತಾಯಿಯನ್ನು ನೋಡಿದ್ದೇನೆ. ಅಜ್ಜನಿಗೆ ಗುರುತಿರುವುದು ಆ ತುಳುವೇ ಅಲ್ಲವೇ. ಏನು ಹೇಳುವುದೆಂದು ತೋಚದ ಮಗುವಿಗೆ ಪ್ರಶ್ನೆ ಕೇಳುವುದು ಕಷ್ಟ, ಉತ್ತರ ಬರುವುದಿಲ್ಲವಲ್ಲ. ಸುದ್ದಿ ಹೇಳುವುದು ಸುಲಭ. ಇವಳು ದನ ಕರು ಹಾಕಿದ್ದು, ಮಳೆಗೆ ಎರಡು ದಿನ ಶಾಲೆಗೆ ರಜೆ ಕೊಟ್ಟದ್ದು ಹೇಳಿದಳು. ಕೊನೆಗೆ, ಗಂಟಲು ಕಟ್ಟಿ, "ನೀವು ಬೇಡ ಅಂತ ಹೇಳಿದ್ದು ಸುಳ್ಳು" ಎಂದಳು. ನಾನು ಮಾನಿಟರಿನ ಕಡೆ ತಿರುಗಿ ನಿಂತೆ.

ಪ್ರಸಾದದ ವಿಷಯ. ಕಟೀಲಿನದ್ದೋ ಕೊಲ್ಲೂರಿನದ್ದೋ ಗಂಧ ಕುಂಕುಮ ಮಗುವಿನ ಕೈಯಲ್ಲಿ ಕೊಟ್ಟು ಕಳಿಸುವುದುಂಟು. ಸಿಸ್ಟರನ್ನು ಕೇಳಿ ಪೊಟ್ಟಣವನ್ನು ದಿಂಬಿನ ಬದಿಗೆ ಇಡಬಹುದು. ತೀರ್ಥವನ್ನಾಗಲಿ, ನೀರನ್ನಾಗಲಿ ಒಂದು ಹನಿಯೂ ಬಾಯಿಗೆ ಬಿಡಬಾರದು, ಶ್ವಾಸಕೋಶಕ್ಕೆ ಇಳಿದು ನ್ಯೂಮೋನಿಯ ಆಗಬಹುದು. ಇದು ಮಗುವಿಗೆ ಹೇಳುವ ಮಾತಲ್ಲ, ಮಗುವಿನ ಕೈಯಲ್ಲಿ ಬಾಟಲಿ ಕೊಡುವ ದೊಡ್ಡವರಿಗೆ.

ಹತ್ತು ನಿಮಿಷ ಹೆಚ್ಚು, ಐದೂ ಸಾಕು. ಹೊರಡುವಾಗ ಬಾಯಿಬಿಟ್ಟು ಹೇಳಿ ಹೊರಡಲಿ. ನಮ್ಮಲ್ಲಿ ಯಾರೂ "ಹೋಗುತ್ತೇನೆ" ಎನ್ನುವುದಿಲ್ಲ, "ಬರ್ತೇನೆ" ಎನ್ನುತ್ತೇವೆ, ತುಳುವಿನಲ್ಲಾದರೆ "ಪೋದು ಬರ್ಪೆ". ಆದರೆ ಮತ್ತೆ ಯಾವಾಗ ಬರಲಾಗುತ್ತದೆ ಎಂದು ಗೊತ್ತಿಲ್ಲದಿದ್ದರೆ "ನಾಳೆ ಬರ್ತೇನೆ" ಎಂದು ನೀವು ಬಾಯಿಗೆ ತುರುಕಬೇಡಿ.

ಹಂತ 7: ಹೊರಗೆ ಬಂದ ಮೇಲೆ

ತಕ್ಷಣ ಬಸ್ ಹತ್ತಬೇಡಿ. ಕ್ಯಾಂಟೀನಿನಲ್ಲಿ ಕೂರಿ, ಬನ್ಸೋ ಗೋಳಿಬಜೆಯೋ ತಿನ್ನಲಿ. "ಹೆದರಿಕೆ ಆಯ್ತಾ?" ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. "ನೀನು ಅಂದುಕೊಂಡ ಹಾಗೆ ಇತ್ತಾ, ಬೇರೆ ಥರ ಇತ್ತಾ?" ಎಂದು ಕೇಳಿ. ಇವಳು ಬನ್ಸಿನ ಎರಡನೇ ತುಂಡು ಅದ್ದುತ್ತಾ, "ಅಪ್ಪನ ಕಾಲು ತಣ್ಣಗೆ ಇತ್ತು, ಸಾಕ್ಸ್ ಕೊಡ್ಬೇಕಿತ್ತು" ಎಂದಳು. ಮರುದಿನ ಅವಳ ಮಾತಿನಂತೆ ಅಣ್ಣನ ಸಾಕ್ಸ್ ಸಿಸ್ಟರ ಕೈಗೆ ಹೋಯಿತು. ಮಾಡಲು ಒಂದು ಕೆಲಸ ಸಿಕ್ಕಿದ ಮಗು ನಿರಾಳವಾಗುತ್ತದೆ.

ಮುಂದಿನ ಕೆಲವು ದಿನ ಡಾಕ್ಟರಾಟ, ಸತ್ತ ಆಟ ಆಡಬಹುದು, ಬೈಯಬೇಡಿ. ಹಾಸಿಗೆಯಲ್ಲಿ ಮೂತ್ರ ಮಾಡಬಹುದು, ಅಮ್ಮನ ಸೆರಗು ಬಿಡದಿರಬಹುದು. ಕ್ಲಾಸ್ ಟೀಚರಿಗೆ ಒಂದು ಮಾತು ಹೇಳಿಟ್ಟರೆ ಹೋಮ್‌ವರ್ಕಿನ ಪೆಟ್ಟು ತಪ್ಪುತ್ತದೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟರೆ, ಶಾಲೆಗೆ ಹೋಗಲೊಲ್ಲೆ ಎಂದರೆ ಮಕ್ಕಳ ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕರೆದೊಯ್ಯಲು ಆಗದಿದ್ದರೆ

ವಾಯ್ಸ್ ರೆಕಾರ್ಡ್ ಮಾಡಿ ಕಳಿಸಿ, ಬೈಸ್ಟ್ಯಾಂಡರ್ ಆಗಿದ್ದವರು ರೋಗಿಯ ಕಿವಿಯ ಹತ್ತಿರ ಹಾಕಬಹುದು. ಚಿತ್ರ ಬರೆದರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಿ, ಒರೆಸಲು ಬರುವಂತಿದ್ದರೆ ಸಿಸ್ಟರುಗಳು ಬೇಡ ಎನ್ನುವುದಿಲ್ಲ. ವಿಡಿಯೊ ಕಾಲ್‌ಗೂ ಹಿಂದಿನ ಸಂಜೆಯ ತಯಾರಿ ಅಷ್ಟೇ ಬೇಕು, ಸಣ್ಣ ಪರದೆಯಲ್ಲಿ ಮುಖ ಇನ್ನೂ ಗಾಬರಿ ಹುಟ್ಟಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದಿನಚರಿ ಪುಸ್ತಕ. ಸ್ಕ್ಯಾಂಡಿನೇವಿಯದ ನರ್ಸುಗಳು ದಶಕಗಳ ಹಿಂದೆ ಶುರು ಮಾಡಿದ ಪದ್ಧತಿ: ಪ್ರಜ್ಞೆಯಿಲ್ಲದ ದಿನಗಳಲ್ಲಿ ಏನಾಯಿತೆಂದು ದಿನವೂ ನಾಲ್ಕು ಸಾಲು ಬರೆದಿಡುವುದು. ಎಚ್ಚರವಾದ ಮೇಲೆ ರೋಗಿಗೆ ಕಳೆದುಹೋದ ದಿನಗಳು ಅದರಲ್ಲಿ ಸಿಗುತ್ತವೆ. ಅದನ್ನು ಮಗುವಿನ ಕೈಗೆ ಕೊಡಿ.

ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ

ಮಗುವಿಗೆ ಹೇಳಿ, ಅವತ್ತೇ ಹೇಳಿ. "ಔಷಧಿ ಇನ್ನು ಕೆಲಸ ಮಾಡುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಅಜ್ಜ ಸಾಯ್ತಾರೆ. ಸತ್ತ ಮೇಲೆ ಉಸಿರಾಟ ಇರುವುದಿಲ್ಲ, ನೋವೂ ಇರುವುದಿಲ್ಲ, ವಾಪಸ್ ಬರುವುದಿಲ್ಲ." ದೇವರ ಹತ್ತಿರ ಹೋಗುತ್ತಾರೆ ಎಂಬುದು ನಿಮ್ಮ ಮನೆಯ ನಂಬಿಕೆಯಾದರೆ ಅದನ್ನು ಆಮೇಲೆ ಹೇಳಿ, ಅದನ್ನು ಮಾತ್ರ ಹೇಳಿದರೆ ಯಾವಾಗ ವಾಪಸ್ ಎಂದು ಕಾಯುವ ಮಕ್ಕಳಿದ್ದಾರೆ. ಕೊನೆಯ ಭೇಟಿಗೆ ಹೆಚ್ಚಿನ ಐಸಿಯುಗಳು ಕಟ್ಟುಪಾಡು ಸಡಿಲಿಸುತ್ತವೆ, ಕೇಳಿ. ಬಾಯಿಗೆ ತುಳಸಿ ನೀರು ಬಿಡುವ ಕ್ರಮವಿದ್ದರೆ ಡಾಕ್ಟರಿಗೆ ಹೇಳಿ. ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಲು ಒಪ್ಪುತ್ತಾರೆ. ಮಗುವಿಗೆ ಇಷ್ಟವಿದ್ದರೆ ಆ ಹತ್ತಿಯನ್ನು ಅದೂ ಹಿಡಿಯಲಿ.

ವಾರ್ಡಿಗೆ ಬಂದಾಗ

ಇದಕ್ಕೂ ತಯಾರಿ ಬೇಕು ಎಂಬುದು ನನಗೇ ಮರೆತುಹೋಗಿತ್ತು. ಒಂಬತ್ತನೇ ದಿನ ಅಣ್ಣನ ನಳಿಗೆ ತೆಗೆದರು, ಹನ್ನೆರಡನೇ ದಿನ ವಾರ್ಡಿಗೆ ಕಳಿಸಿದರು. ನಳಿಗೆ ಇದ್ದ ಗಂಟಲು ಕೆಲವು ದಿನ ಒಡೆದೇ ಇರುತ್ತದೆ. ಮಗಳನ್ನು ಕಂಡು ಅವನು ಹೆಸರು ಹಿಡಿದು ಕರೆದರೆ ಗರಗಸ ಎಳೆದ ಹಾಗೆ ಕೇಳಿಸಿತು, ಎದ್ದು ಕೂರಲು ತೋಳಿನಲ್ಲಿ ಬಲವಿರಲಿಲ್ಲ. ಐಸಿಯುವಿನಲ್ಲಿ ಹೆದರದವಳು ಇಲ್ಲಿ ನನ್ನ ಹಿಂದೆ ಅಡಗಿದಳು. ಸ್ವರ, ಬಲ ಎರಡೂ ನಿಧಾನ ಬರುತ್ತದೆ ಎಂದು ಕಾರಿಡಾರಿಗೆ ಕರೆದೊಯ್ದು ಹೇಳಬೇಕಾಯಿತು. ವಾಪಸ್ ಬಂದು ಅವಳು ಮಂಚದ ಕಾಲಿನ ಬದಿಯಲ್ಲಿ, ನಾಲ್ಕು ಹೆಜ್ಜೆ ದೂರ ನಿಂತಳು. ಆಮೇಲೆ ಬ್ಯಾಗಿನಿಂದ ದಿನಚರಿಯ ನೋಟ್‌ಬುಕ್ ತೆಗೆದು, "ಫಸ್ಟ್ ಪೇಜಿಂದ ಓದ್ಲಾ?" ಎಂದು ಕೇಳಿದಳು.